ಡೆಂಗಿ ಬ್ಯಾನರಿನಲ್ಲೇ ಸೊಳ್ಳೆ ಮರಿ: ನಿಯಂತ್ರಣಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗಳು

ಮಾನ್ಯರೇ,

ನಿಮ್ಮ ಹುದ್ದೆಯ ಹೆಸರನ್ನು ಬ್ಯಾನರಿನ ಒಂದೇ ಸಾಲಿನಲ್ಲಿ ಕೂರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಮೂರು ಮಳೆಗಾಲದಿಂದ ನಿಮ್ಮ ಕಚೇರಿಯ ಡೆಂಗಿ ಬ್ಯಾನರುಗಳೆಲ್ಲ ನನ್ನ ಅಂಗಡಿಯಲ್ಲೇ ಪ್ರಿಂಟ್ ಆಗುತ್ತಿವೆ. ಫ್ಲೆಕ್ಸ್ ನಿಷೇಧ ಇದೆಯಲ್ಲ ಸಾರ್ ಎಂದರೆ ‘ಸರ್ಕಾರಿ ಕೆಲಸ, ಯಾರ್ರೀ ಕೇಳ್ತಾರೆ’ ಎಂದು ಫ್ಲೆಕ್ಸಿನಲ್ಲೇ ಮಾಡಿಸಿದರು. ನಾನೂ ಮಾಡಿಕೊಟ್ಟೆ. ಆದ್ದರಿಂದ ಈ ದೂರಿನಲ್ಲಿ ಅರ್ಧ ಪಾಪ ನನ್ನದೂ ಹೌದು.

ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ ಬೀದಿವಾರು ನಕ್ಷೆ ಹಾಕಿ. ಯಾವ ಬೀದಿಯಲ್ಲಿ ಡೆಂಗಿ, ಯಾವ ಬೀದಿಯಲ್ಲಿ ಲಾರ್ವಾ ಅಂದರೆ ಸೊಳ್ಳೆ ಮರಿ, ಅಷ್ಟೇ.

ಕಳೆದ ಆಗಸ್ಟಿನಲ್ಲಿ ನನ್ನ ಮಗಳಿಗೆ ಜ್ವರ ಬಂತು. ಎಂಟು ವರ್ಷದವಳು. ಮಳೆಯಲ್ಲಿ ನೆನೆದಿರಬೇಕು ಎಂದುಕೊಂಡು ಎರಡು ದಿನ ಕಷಾಯ ಕುಡಿಸಿದೆವು. ಮೂರನೇ ದಿನ ‘ಕಣ್ಣಿನ ಹಿಂದೆ ನೋಯ್ತಿದೆ ಅಪ್ಪಾ’ ಎಂದಳು. ಡೆಂಗಿ ಪತ್ತೆಯ ರಕ್ತ ಪರೀಕ್ಷೆ ಎನ್‌ಎಸ್‌1 ಪಾಸಿಟಿವ್ ಬಂತು. ಐದನೇ ದಿನ ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿಯಿತು. ಪಕ್ಕದ ಮನೆಯವರು ಪರಂಗಿ ಎಲೆ ರಸ ಹಿಡಿದು ಬಂದರು, ಡಾಕ್ಟರು ಬೈದು ಕಳಿಸಿದರು. ಆಸ್ಪತ್ರೆಯಲ್ಲಿ ಆರು ರಾತ್ರಿ ನಾನು ನೋಡಿದ್ದು ಎರಡನ್ನೇ: ಡ್ರಿಪ್ಪಿನ ಹನಿ, ಮತ್ತು ಎದುರು ಗೋಡೆಯಲ್ಲಿ ನಾನೇ ಪ್ರಿಂಟ್ ಮಾಡಿದ ಡೆಂಗಿ ಬ್ಯಾನರು.

ಮನೆಗೆ ಬಂದ ಮೇಲೆ ನಮ್ಮ ಆಶಾ ಅಕ್ಕ ಮಾತಿನ ನಡುವೆ ಹೇಳಿದರು: ‘ನಿಮ್ಮ ಹಿಂದಿನ ಬೀದೀಲಿ ಹದಿನೈದು ದಿನದಿಂದ ನಾಲ್ಕು ಜನಕ್ಕಿತ್ತಲ್ಲ ಅಣ್ಣ, ಗೊತ್ತಿರ್ಲಿಲ್ವಾ?’

ಗೊತ್ತಿರಲಿಲ್ಲ. ಅವರ ಪುಸ್ತಕದಲ್ಲಿತ್ತು. ನಿಮ್ಮ ಕಂಪ್ಯೂಟರಿನಲ್ಲಿತ್ತು. ಈ ಸೊಳ್ಳೆ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ದಾಟುವುದೇ ಅಪರೂಪ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಾಗಿರುವಾಗ ನನಗೆ ಬೇಕಾದದ್ದು ಹಿಂದಿನ ಬೀದಿಯ ಸುದ್ದಿಯೋ, ಇಡೀ ಜಿಲ್ಲೆಯ ಮೊತ್ತವೋ?

ನೀವು ಕೊಡುವುದು ಮೊತ್ತ. ಜನವರಿಯಿಂದ ಈವರೆಗಿನ ಒಟ್ಟು ಕೇಸುಗಳ ಗ್ರಾಫಿನ ಗೆರೆ. ಒಟ್ಟು ಲೆಕ್ಕ ಇಳಿಯುವುದುಂಟೇ ಸ್ವಾಮಿ? ಡಿಸೆಂಬರಿನಲ್ಲಿ ಒಂದೂ ಕೇಸ್ ಬಾರದಿದ್ದರೂ ಆ ಗೆರೆ ಬೆಟ್ಟ ಹತ್ತಿ ಅಲ್ಲೇ ನಿಂತಿರುತ್ತದೆ. ಇನ್ನೊಂದು ತಾಲ್ಲೂಕುಗಳ ನಕ್ಷೆ. ಜನ ಹೆಚ್ಚಿರುವ ನಮ್ಮ ತಾಲ್ಲೂಕು ಸದಾ ಕೆಂಪು, ಕಾಡಂಚಿನದು ಸದಾ ಹಸಿರು. ಲಕ್ಷ ಜನಕ್ಕೆ ಎಷ್ಟು ಎಂದು ನೋಡಿದ್ದರೆ ಬಣ್ಣ ಅದಲುಬದಲಾಗುತ್ತಿತ್ತೋ ಏನೋ. ನನ್ನ ಅಂಗಡಿಯ ಹುಡುಗನಿಗಂತೂ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತವೆ. ‘ಅಣ್ಣಾ, ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿದವ್ರಲ್ಲ’ ಎಂದ. ಬಣ್ಣದ ಜೊತೆ ಸಂಖ್ಯೆಯನ್ನೂ ಬರೆಯಲು ಏನು ಖರ್ಚು?

ಇನ್ನು ಸೊಳ್ಳೆಯ ಚಿತ್ರ. ನಿಮ್ಮ ಕಚೇರಿ ಕಳಿಸಿದ ಫೋಟೋದಲ್ಲಿ ಹಿಂಭಾಗ ಎತ್ತಿ ಓರೆಯಾಗಿ ಕೂತಿರುವುದು ಅನಾಫಿಲಿಸ್. ಮಲೇರಿಯಾದ್ದು, ಕಚ್ಚುವುದು ರಾತ್ರಿ. ಡೆಂಗಿಯ ಈಡಿಸ್ ಕಪ್ಪಗೆ, ಕಾಲಿಗೆ ಬಿಳಿ ಪಟ್ಟೆ, ಕಚ್ಚುವುದು ಹಗಲು. ನಾವು ರಾತ್ರಿ ಸೊಳ್ಳೆಪರದೆ ಕಟ್ಟಿ, ಹಗಲು ಮಗಳನ್ನು ನೀರಿನ ಡ್ರಮ್ಮಿನ ಪಕ್ಕ ಆಡಲು ಬಿಟ್ಟಿದ್ದೆವು. ಈ ವರ್ಷ ಚಿತ್ರ ಬದಲಿಸಿ ಎಂದು ಕೇಳಿದೆ. ಉತ್ತರ: ‘ಸೊಳ್ಳೆ ಯಾವುದಾದ್ರೇನ್ರೀ? ಸಾಹೇಬ್ರ ಫೋಟೋ ಸ್ವಲ್ಪ ದೊಡ್ಡದು ಮಾಡಿ.’

ಜೂನ್ ತಿಂಗಳ ಕಥೆ ಕೇಳಿ. ಆರೋಗ್ಯ ಉಪಕೇಂದ್ರದ ಹಿಂದೆ ಒಂದು ಹಳೇ ಬೈಕು ನೆನೆಯದಿರಲೆಂದು ಹೋದ ವರ್ಷದ ಡೆಂಗಿ ಬ್ಯಾನರನ್ನು ಮೇಲೆ ಕಟ್ಟಿದ್ದಾರೆ. ನಡುವೆ ಜೋತುಬಿದ್ದು ಒಂದು ಬಕೆಟ್ ನೀರು. ಬಗ್ಗಿ ನೋಡಿದೆ. ‘ನೀರು ನಿಲ್ಲದಂತೆ ನೋಡಿಕೊಳ್ಳಿ’ ಎಂಬ ಸಾಲಿನ ಮೇಲೆ, ನಾನು ಆರಿಸಿದ ಅದೇ ದಪ್ಪ ಹಳದಿ ಅಕ್ಷರಗಳ ಮೇಲೆ, ಮರಿಗಳು ತಲೆಕೆಳಗಾಗಿ ನೇತಾಡುತ್ತಿವೆ. ನನ್ನ ನೆರಳು ಬಿದ್ದಿದ್ದೇ ತಡ, ಕೊಂಕಿ ಕೊಂಕಿ ತಳಕ್ಕಿಳಿದವು. ವಿಡಿಯೋ ತೋರಿಸಿದರೆ ನಿಮ್ಮವರು ‘ನಗರಸಭೆಗೆ ಹೇಳಿ’ ಎಂದರು. ಬ್ಯಾನರಿನ ಒಂದು ಮೂಲೆ ನಾನೇ ಬಿಚ್ಚಿ ನೀರು ಚೆಲ್ಲಿ ಬಂದೆ.

2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿದ್ದು ನಿಮಗೆ ಬಾಯಿಪಾಠವಿರಬೇಕು. ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ನನ್ನ ಡ್ರಮ್ಮಿಗೆ 400 ಆದರೆ ನಿಮ್ಮ ಬ್ಯಾನರಿಗೆ ಎಷ್ಟು?

ಸಿಂಗಪುರದಲ್ಲೂ ಬ್ಯಾನರ್ ಕಟ್ಟುತ್ತಾರೆ. ಬಡಾವಣೆಯಲ್ಲಿ ಹತ್ತಕ್ಕಿಂತ ಕಡಿಮೆ ರೋಗಿಗಳಿದ್ದರೆ ಹಳದಿ, ಹತ್ತು ಮುಟ್ಟಿದರೆ ಕೆಂಪು. ಅಲ್ಲಿ ಬ್ಯಾನರ್ ಸುದ್ದಿ ಹೇಳುತ್ತದೆ. ನಮ್ಮದು ಶುಭಾಶಯ ಕೋರುವಂತಿದೆ.

ನಕ್ಷೆ ಹಾಕಿದರೆ ಜನ ಗಾಬರಿಯಾಗುತ್ತಾರೆ ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಆರು ರಾತ್ರಿ ಗಾಬರಿಯಾಗಿ ಕೂತವನು ನಾನು, ನಕ್ಷೆ ಇಲ್ಲದೆಯೇ. ಯಾರ ಮನೆ, ಯಾರ ಹೆಸರು ಎಂದು ನಾವು ಕೇಳುತ್ತಿಲ್ಲ. ಬೀದಿ ಸಾಕು. ಎಷ್ಟು ಮನೆ ನೋಡಿದರು, ಎಷ್ಟರಲ್ಲಿ ಲಾರ್ವಾ ಸಿಕ್ಕಿತು, ಎಲ್ಲ ಆಶಾ ಅಕ್ಕನ ಪುಸ್ತಕದಲ್ಲಿದೆ. ಪಡಿತರ ಅಂಗಡಿ ಮುಂದೆ, ಶಾಲೆ ಗೇಟಿಗೆ, ಹಾಲಿನ ಬೂತಿಗೆ ಒಂದೊಂದು ಹಾಳೆ ಅಂಟಿಸಿ. ಪ್ರತಿ ಸೋಮವಾರ. ಬೀದಿವಾರು ನಕ್ಷೆ ಹಾಕಿ ಸ್ವಾಮಿ.

ಹಾಳೆಗಳನ್ನು ನಾನೇ ಪುಕ್ಕಟೆ ಪ್ರಿಂಟ್ ಮಾಡಿಕೊಡುತ್ತೇನೆ. ಹೋದ ವರ್ಷದ ಬ್ಯಾನರುಗಳ ಬಿಲ್ಲು ಮಾತ್ರ ಇನ್ನೂ ನಿಮ್ಮ ಮೇಜಿನ ಮೇಲಿದೆ.

ಇಂತಿ,
ನಿಮ್ಮ ಬ್ಯಾನರಿನವನು