ಪಾದದಿಂದ ಮಾಡುವ ಮಸಾಜ್: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಸಾಜ್ ಮಾಡಿ ಮಾಡಿ ಹೆಬ್ಬೆರಳು, ಮಣಿಕಟ್ಟು ನೋವು ಅಂತ ಸುಮಾರು ಜನ ಬರೆದಿದ್ದೀರಿ. ಅಂಥವರು ಕೇರಳದ ಚವಿಟ್ಟಿ ಉಳಿಚ್ಚಿಲ್ ಬಗ್ಗೆ ಯೋಚಿಸಿ. ಕಳರಿಪಯಟ್ಟು, ಕಥಕ್ಕಳಿ ಕಲಿಯುವವರ ಮೈ ಸಡಿಲಿಸಲು ಕಾಲಿನಿಂದಲೇ ಎಣ್ಣೆ ತಿಕ್ಕುವ ಪದ್ಧತಿ ಇದು.

ಮೇಲೆ ಕಟ್ಟಿದ ಹಗ್ಗ ಹಿಡಿದು ನಿಲ್ಲಬೇಕು. ಚಾಪೆ ಮೇಲೆ ಮಲಗಿದವರ ಹಿಮ್ಮಡಿಯಿಂದ ಭುಜದವರೆಗೆ ಪಾದ ಒಂದೇ ಬೀಸಿಗೆ ಜಾರುತ್ತದೆ. ಒತ್ತಡವೆಲ್ಲ ಮೈಭಾರದ್ದು, ಬೆರಳಿಗೆ ಕೆಲಸವೇ ಇಲ್ಲ. ಎಷ್ಟು ಭಾರ ಬಿಡಬೇಕು ಅನ್ನೋದು ಹಗ್ಗದ ಹಿಡಿತದಲ್ಲಿದೆ. ಪಾದ ಅಗಲ ಅಲ್ವಾ, ಮೊಣಕೈಯಂತೆ ಚುಚ್ಚುವುದಿಲ್ಲ. ತೊಡೆ, ಬೆನ್ನಿನ ದಪ್ಪ ಸ್ನಾಯುಗಳಿಗೆ ಹಾಯೆನಿಸುತ್ತದೆ.

ಆದರೆ ವಿಡಿಯೋ ನೋಡಿ ಸುಮ್ನೆ ಯಾರ ಬೆನ್ನೂ ತುಳಿಯಬೇಡಿ! ಗರ್ಭಿಣಿಯರು, ಮೂಳೆ ಟೊಳ್ಳಾದವರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಬೇಡವೇ ಬೇಡ. ಬೆನ್ನುಮೂಳೆ ಮೇಲಂತೂ ನೇರವಾಗಿ ಒತ್ತಬಾರದು.

ಗುರುಗಳ ಹತ್ತಿರ ಕಲಿಯುವ ಆಸಕ್ತಿ ಇರುವವರು ಇಲ್ಲೇ ತಿಳಿಸಿ.