ಲೆನ್ಸ್ ಮಾರಿದವರು ನೀರಿನ ವಿಷಯ ಹೇಳಲಿಲ್ಲ

ಮಾನ್ಯ ಸಂಪಾದಕರೇ,

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಮಳೆಗಾಲದಲ್ಲಿ ಕನ್ನಡಕ ಹಾಕಿಕೊಂಡು ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವ ಕಷ್ಟವನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಜಿನ ಹೊರಗೆ ಮಳೆಹನಿ, ಒಳಗೆ ಉಸಿರಿನ ಹಬೆ. ಒರೆಸೋಣವೆಂದರೆ ಶರ್ಟಿನ ಒಂದು ಮೂಲೆಯೂ ಒಣಗಿರುವುದಿಲ್ಲ. ನನ್ನದು ಮೈನಸ್ ಐದು. ಕನ್ನಡಕ ತೆಗೆದರೆ ಎದುರು ನಿಂತವರು ಆಳೋ ಸಾಹುಕಾರರೋ ಗೊತ್ತಾಗದು.

ಹೋದ ವರ್ಷ ಜೂನ್‌ನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ತೆಗೆದುಕೊಂಡೆ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಹೊಸ ತೆನೆಗಳನ್ನು ಮಳೆಯಲ್ಲೇ ನಿಂತು ನೋಡಿದೆ. ಅಷ್ಟು ಖುಷಿ.

ಆಗಸ್ಟ್‌ನಲ್ಲಿ ಒಂದು ರಾತ್ರಿ ಲೆನ್ಸ್ ತೊಳೆಯುವ ಸೊಲ್ಯೂಷನ್ ಖಾಲಿಯಾಯಿತು. ಕರೆಂಟಿಲ್ಲ, ದಾರಿಗೆ ಮರ ಬಿದ್ದಿತ್ತು. ಒಂದೇ ರಾತ್ರಿ ಅಲ್ವಾ ಎಂದು ನಲ್ಲಿ ನೀರಲ್ಲೇ ತೊಳೆದು, ಡಬ್ಬಿಗೂ ಅದನ್ನೇ ತುಂಬಿಸಿ ಇಟ್ಟೆ. ನಮ್ಮ ನಲ್ಲಿಗೆ ಬರುವುದು ತೋಡಿನ ನೀರು. ಮೂರನೇ ದಿನ ಎಡಗಣ್ಣು ಕೆಂಡದಂತಾಯಿತು. ಟಾರ್ಚ್ ಬೆಳಕು ಕೂಡ ಸೂಜಿಯಂತೆ ಚುಚ್ಚುತ್ತಿತ್ತು. ಮೈಸೂರಿನ ಡಾಕ್ಟರು ನೋಡಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಹುಣ್ಣಾಗಿದೆ ಎಂದರು. ಮೊದಲ ಕೆಲವು ದಿನ ಗಂಟೆಗೊಮ್ಮೆ ಡ್ರಾಪ್ಸ್, ರಾತ್ರಿಯೂ. ಹೆಂಡತಿ ಅಲಾರಂ ಇಟ್ಟುಕೊಂಡು ಎದ್ದು ಹಾಕಿದಳು. ಕಣ್ಣು ಉಳಿಯಿತು. ಒಂದು ಮಸುಕು ಕಲೆಯೂ ಉಳಿಯಿತು.

ಆ ಡಾಕ್ಟರು ಹೇಳಿದ ಮೇಲೆಯೇ ನನಗೆ ವಿಷಯ ತಿಳಿದದ್ದು. 1888ರಲ್ಲಿ ಫಿಕ್ ಎಂಬ ಡಾಕ್ಟರು ಮಾಡಿದ ಲೆನ್ಸ್ ಗಾಜಿನದು, ಹಾಕಿಕೊಂಡರೆ ಕೆಲವು ಗಂಟೆಗಳ ಮೇಲೆ ತಡೆಯುತ್ತಿರಲಿಲ್ಲವಂತೆ. ಈಗಿನ ಮೆತ್ತನೆಯ ಲೆನ್ಸ್‌ಗೆ ದಾರಿ ಮಾಡಿದವರು ಪ್ರಾಗ್‌ನ ರಸಾಯನ ವಿಜ್ಞಾನಿ ಓಟ್ಟೋ ವಿಖ್ಟರ್ಲೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಮಗನ ಆಟಿಕೆ ಸೆಟ್ಟು, ಸೈಕಲ್ ಡೈನಮೋ ಜೋಡಿಸಿ ಮನೆಯಲ್ಲೇ ಯಂತ್ರ ಮಾಡಿ ಲೆನ್ಸ್ ತಯಾರಿಸಿದರು. ಅವರ ಪ್ಲಾಸ್ಟಿಕ್ ನೀರು ಹೀರಿ ಮೆತ್ತಗಾಗುವಂಥದ್ದು. ಕಣ್ಣಿಗೆ ಹಿತವಾಗಿರುವುದು ಅದಕ್ಕೇ. ಆದರೆ ಕೊಳಕು ನೀರು ಸೋಕಿದರೆ ಅದರಲ್ಲಿರುವ ಕ್ರಿಮಿಗೂ ಅಲ್ಲಿ ಜಾಗ ಸಿಗುತ್ತದೆ. ಅಕಾಂತಮೀಬಾ ಎಂಬ ಒಂದು ಜೀವಿ ನಲ್ಲಿ ನೀರು, ಬಾವಿ, ಹೊಳೆ ಎಲ್ಲದರಲ್ಲೂ ಇರಬಹುದಂತೆ. ಅದು ಕಣ್ಣಿಗೆ ಹತ್ತಿದರೆ ವಾಸಿ ಮಾಡುವುದು ಬಲು ಕಷ್ಟ. ನನಗೆ ಹತ್ತಿದ್ದು ಅದಲ್ಲ, ಪುಣ್ಯ.

ಅಂಗಡಿಯವರು ಇದರಲ್ಲಿ ಒಂದು ಮಾತನ್ನೂ ಹೇಳಿರಲಿಲ್ಲ. ಡಬ್ಬಿಯೊಳಗಿನ ಚೀಟಿ ಇಂಗ್ಲಿಷ್‌ನಲ್ಲಿ, ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಬೇಕಾದವನು ಅದನ್ನು ಓದುವುದು ಹೇಗೆ?

ಈಗ ಮದುವೆ ಸೀಸನ್. ನಮ್ಮ ನೆಂಟರ ಹುಡುಗಿಯೊಬ್ಬಳು ಬಣ್ಣದ ಲೆನ್ಸ್ ತಂದಿದ್ದಳು. ಪವರ್ ಇಲ್ಲದ್ದು, ಸುಮ್ನೆ ಚೆಂದಕ್ಕೆ. ಗೆಳತಿಗೂ ಅದನ್ನೇ ಹಾಕಿಸಲು ಹೊರಟಿದ್ದಳು. ಬೈದು ನಿಲ್ಲಿಸಿದೆ. ಒಬ್ಬರ ಲೆನ್ಸ್ ಇನ್ನೊಬ್ಬರು ಹಾಕಬಾರದು, ಪವರ್ ಇರಲಿ ಇಲ್ಲದಿರಲಿ.

ಲೆನ್ಸೇ ಬೇಡ ಎನ್ನುತ್ತಿಲ್ಲ. ಕಾರ್ನಿಯಾ ಶಂಕುವಿನಂತೆ ಚೂಪಾದವರಿಗೆ ಕನ್ನಡಕ ಸಾಲದೆ ಗಟ್ಟಿ ಲೆನ್ಸೇ ಆಸರೆ. ನಾನೂ ಡಾಕ್ಟರನ್ನು ಕೇಳಿ ಈ ಮಳೆಗಾಲಕ್ಕೆ ದಿನ ಬಳಸಿ ರಾತ್ರಿ ಎಸೆಯುವ ಲೆನ್ಸ್ ತಂದಿದ್ದೇನೆ. ಖರ್ಚು ಜಾಸ್ತಿ, ಆದರೆ ತೊಳೆಯುವ ರಗಳೆ ಇಲ್ಲ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ದಿನ ಮಾತ್ರ ಕನ್ನಡಕವೇ.

ಲೆನ್ಸ್ ಮಾರುವ ಅಂಗಡಿಯವರಲ್ಲಿ ಕೇಳುವುದು ಇಷ್ಟೇ. ಕೈ ತೊಳೆದು ಒರೆಸಿಕೊಂಡು ಮುಟ್ಟಿ, ನೀರು ತಾಗಿಸಬೇಡಿ, ಹಾಕಿಕೊಂಡು ಮಲಗಬೇಡಿ, ಕಣ್ಣು ಕೆಂಪಾದರೆ ತೆಗೆದು ಡಾಕ್ಟರಲ್ಲಿ ಹೋಗಿ ಎಂದು ಅರ್ಧ ಹಾಳೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಡಿ. ಬರೆಯುವವರಿಲ್ಲ ಎಂದರೆ ನಾನೇ ಬರೆದುಕೊಡುತ್ತೇನೆ. ರೈಟರ್ ಅಲ್ವಾ.

– ಒಬ್ಬ ತೋಟದ ರೈಟರ್, ಸುಂಟಿಕೊಪ್ಪ, ಕೊಡಗು