ಲೆನ್ಸ್ ಗೊತ್ತಾಯಿತು, ಮನುಷ್ಯ ಯಾರು?

ಮಾನ್ಯ ಸಂಪಾದಕರೇ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ನೀವು ಹಾಕಿದ ಚಿತ್ರಪುಟ ಚೆನ್ನಾಗಿತ್ತು. ಆದರೆ ಒಂದು ತಕರಾರು. ಪ್ರತಿ ಚಿತ್ರದ ಕೆಳಗೆ ಕ್ಯಾಮೆರಾ ಯಾವುದು, ಲೆನ್ಸ್ ಎಷ್ಟರದ್ದು, ಶಟರ್ ಸ್ಪೀಡ್ ಎಷ್ಟು ಎಂದೆಲ್ಲ ಇದೆ. ಚಿತ್ರದಲ್ಲಿರುವವರು ಯಾರು, ಆ ಹೊತ್ತಿಗೆ ಅಲ್ಲಿ ಏನು ನಡೆದಿತ್ತು ಅಂತ ಒಂದಕ್ಕೂ ಇಲ್ಲ. ಗದಗಿನಲ್ಲಿ ಮೂವತ್ತು ವರ್ಷ ಸ್ಟುಡಿಯೊ ನಡೆಸಿದವನು ನಾನು, ಸುಮ್ನೆ ಇರಲಾಗಲಿಲ್ಲ.

ನನಗೆ ತುಂಬಾ ಇಷ್ಟವಾದ ಚಿತ್ರ ಒಂದಿದೆ. ಸ್ಪರ್ಧೆಗೆ ಕಳಿಸಿದರೆ ಮೊದಲ ಸುತ್ತಿನಲ್ಲೇ ಹೊರಗೆ ಹಾಕುತ್ತಾರೆ, ಅಷ್ಟು ಅಲುಗಾಡಿದೆ. 1980ರ ಫೆಬ್ರುವರಿ 16, ಶನಿವಾರ. ಅಂಕೋಲಾದಿಂದ ರಾಯಚೂರಿನವರೆಗೆ ನಮ್ಮ ಸೀಮೆಯ ಮೇಲೇ ಖಗ್ರಾಸ ಸೂರ್ಯಗ್ರಹಣ ಹಾದುಹೋದ ದಿನ. ಆಗ ನಾನಿನ್ನೂ ಬೇರೆಯವರ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದ ಹುಡುಗ. ಅವ್ವ ತಾಟಿಗೆ ನೀರು ಹಾಕಿ ಒನಕೆ ನಿಲ್ಲಿಸಿ, ಬಾಗಿಲಿಗೆ ಅಗಳಿ ಹಾಕಿ, "ಹೊರಗ ಕಾಲಿಟ್ಟಿ ಅಂದ್ರ ನೋಡು" ಅಂದಿದ್ದಳು. ಛಾಯಾಗ್ರಹಣದ ಹುಡುಗನಿಗೆ ಗ್ರಹಣ ನೋಡಬೇಡ ಎಂದರೆ ಹೇಗೆ, ಅಲ್ವಾ? ಹಿತ್ತಲು ಹಾರಿದೆ. ಯಜಮಾನರ ಯಾಶಿಕಾ ಕ್ಯಾಮೆರಾ, ಅದರಲ್ಲಿ ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಹೆಸರಿನ ಫಿಲ್ಮ್ ರೋಲು, ಹನ್ನೆರಡೇ ಫ್ರೇಮು. ಬಜಾರಿನಲ್ಲಿ ನರಪಿಳ್ಳೆಯೂ ಇಲ್ಲ. ಮೂರೂವರೆ ದಾಟಿದ ಮೇಲೆ ಬಿಸಿಲು ಸೀಸದ ಬಣ್ಣಕ್ಕೆ ತಿರುಗಿತು, ಕಾಗೆಗಳು ಗಿಡಕ್ಕೆ ಮರಳಿದವು, ಆಮೇಲೆ ಕತ್ತಲು. ಎರಡು ನಿಮಿಷಕ್ಕಿಂತ ತುಸು ಜಾಸ್ತಿ ಅಷ್ಟೇ. ಅಷ್ಟು ಹೊತ್ತೂ ನಾನು ಕ್ಯಾಮೆರಾ ಮರೆತು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಾ ನಿಂತಿದ್ದೆ. ಬೆಳಕು ವಾಪಸ್ ಬಂದಾಗ ಗಡಿಬಿಡಿಯಲ್ಲಿ ಒತ್ತಿದ್ದು ಈ ಚಿತ್ರ. ಸಾಲಾಗಿ ಮುಚ್ಚಿದ ಬಾಗಿಲುಗಳು, ನಡುಬೀದಿಯಲ್ಲಿ ಒಂದು ಎಮ್ಮೆ. ನೋಡಿದವರೆಲ್ಲ ಕೇಳುವುದು ಒಂದೇ: "ಎಮ್ಮಿ ಫೋಟೊ ಯಾಕ ತಗದೀರಿ?"

ಇನ್ನೊಂದು, ವೃದ್ಧಾಪ್ಯ ವೇತನದ ಅರ್ಜಿಗೆ ತೆಗೆದ ಪಾಸ್‌ಪೋರ್ಟ್ ಸೈಜು. ಹಳ್ಳಿಯ ಅಜ್ಜಿ. ಕನ್ನಡಿ ಹತ್ತಿರ ಇಟ್ಟಿದ್ದ ಪೌಡರ್ ಡಬ್ಬಿ ಮುಟ್ಟಲಿಲ್ಲ, ಸೆರಗು ಸರಿ ಮಾಡಿಕೊಂಡು ಸ್ಟೂಲಿನ ಮೇಲೆ ಕೂತು, "ತಮ್ಮಾ, ಹಲ್ಲಿಲ್ಲ, ನಗಲೋ ಬ್ಯಾಡೋ?" ಎಂದಳು. ನಾನು ನಕ್ಕೆ, ಅವಳೂ ನಕ್ಕಳು, ಒತ್ತಿಬಿಟ್ಟೆ. ಕಚೇರಿಯಲ್ಲಿ ಇದು ನಡೆಯಲ್ಲ ಎಂದರಂತೆ, ಬಾಯಿ ಮುಚ್ಚಿಸಿ ಮತ್ತೊಂದು ತೆಗೆದುಕೊಟ್ಟೆ. ಕೆಲವು ವರ್ಷದ ಮೇಲೆ ಮಗ ಬಂದ, ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡಿ ಎಂದ. ಯಾಕೆ ಅಂತ ನಮ್ಮ ಕಸುಬಿನಲ್ಲಿ ಕೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಹಾರ ಹಾಕಿದ ಫೋಟೊ ಯಾವುದೋ ಅರ್ಜಿಗೆಂದು ತೆಗೆದದ್ದೇ, ಬೇರೆ ಇರುವುದೇ ಇಲ್ಲ. ಎರಡೂ ನೆಗೆಟಿವ್ ತೋರಿಸಿದೆ. ನಗುವುದನ್ನೇ ಆರಿಸಿದ, ಆರಿಸಿ, "ಟಚಿಂಗ್ ಮಾಡಿ ಹಲ್ಲು ಕೂಡಿಸಾಕ ಬರ್ತದೇನ್ರಿ?" ಎಂದ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವುದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಬರಂಗಿಲ್ಲ ಎಂದು ಸುಳ್ಳು ಹೇಳಿದೆ.

ನಿಮ್ಮನ್ನು ಅನ್ನುವ ಮೊದಲು ನನ್ನದೂ ಹೇಳಿಬಿಡುತ್ತೇನೆ. ಅಂಗಡಿ ಮುಚ್ಚಿದ ಮೇಲೆ ನೆಗೆಟಿವ್ ಡಬ್ಬಿಗಳು ಮನೆ ಸೇರಿವೆ, ಅರ್ಧಕ್ಕೆ ಬೂಷ್ಟು. ಆ ಅಜ್ಜಿಯ ಕವರು ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ "ಪಾಸ್‌ಪೋರ್ಟ್, 3 ಕಾಪಿ, ಅರ್ಜೆಂಟ್". ಹೆಸರಿಲ್ಲ.

ಮುಂದಿನ ವರ್ಷ ಲೆನ್ಸಿನ ಸಾಲು ತೆಗೆದು ಆ ಜಾಗ ಮನುಷ್ಯರಿಗೆ ಕೊಡಿ. ಬೇಕಿದ್ದರೆ ಎಮ್ಮೆ ಫೋಟೊ ಕಳಿಸುತ್ತೇನೆ. ಶಟರ್ ಸ್ಪೀಡ್ ಮಾತ್ರ ಕೇಳಬೇಡಿ, ನೆನಪಿಲ್ಲ.

— ಒಬ್ಬ ಹಳೆಯ ಸ್ಟುಡಿಯೊದವ, ಗದಗ